ಕೋಟೆಗೆ ಫಲಕ, ಗುಡಿಗೆ ಕಾವಲು. ಪೇಟೆಯ ಹಳೆ ಅಂಗಡಿಗೆ ಯಾರು ದಿಕ್ಕು?

ರೋಣ, ನರಗುಂದ, ಗಜೇಂದ್ರಗಡ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಕೋಟೆ, ಗುಡಿ ಮತ್ತು ಬಂಡಾಯ. 1858ರಲ್ಲಿ ಬ್ರಿಟಿಷರ ವಿರುದ್ಧ ಕತ್ತಿ ಹಿರಿದ ಬಾಬಾಸಾಹೇಬ ಭಾವೆಯವರ ನರಗುಂದ, ಮರಾಠರು ಮತ್ತು ಟಿಪ್ಪು ಸುಲ್ತಾನನ ನಡುವಿನ 1787ರ ಒಪ್ಪಂದಕ್ಕೆ ಹೆಸರು ಕೊಟ್ಟ ಗಜೇಂದ್ರಗಡ, ಸೂಡಿಯ ಜೋಡು ಕಳಸದ ಗುಡಿ, ನರೇಗಲ್ಲಿನ ರಾಷ್ಟ್ರಕೂಟರ ಕಾಲದ ಬಸದಿ, 1980ರ ಜುಲೈ 21ರ ನರಗುಂದ ರೈತ ಬಂಡಾಯ. ಇವೆಲ್ಲ ಪಠ್ಯಪುಸ್ತಕಗಳಲ್ಲಿವೆ, ಪ್ರವಾಸೋದ್ಯಮದ ಕರಪತ್ರಗಳಲ್ಲಿವೆ. ಆದರೆ ಈ ಊರುಗಳ ಪೇಟೆಯ ಓಣಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದು, ಬೆಳಗಾದರೆ ಹಲಗೆ ತೆರೆದು ಬೆಲ್ಲ, ಬೇಳೆ, ಹಗ್ಗ, ಎಣ್ಣೆ ಮಾರುವ ಹಳೆಯ ಅಂಗಡಿಗಳು ಯಾವ ಪಟ್ಟಿಯಲ್ಲಿಯೂ ಇಲ್ಲ.

ಇವುಗಳನ್ನು ಕೆಡವುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಕೆಡವಿದರೆ ಸುದ್ದಿಯೂ ಆಗುವುದಿಲ್ಲ. ಒಂದು ಮಳೆಗಾಲದಲ್ಲಿ ಗೋಡೆ ಕುಸಿಯುತ್ತದೆ, ಮುಂದಿನ ಬೇಸಿಗೆಯಲ್ಲಿ ಅಲ್ಲಿ ಕಾಂಕ್ರೀಟ್ ಕಂಬ ಏಳುತ್ತದೆ, ಕಬ್ಬಿಣದ ಶಟರ್ ಬರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತಿದೆ. ಹಾಗಾದರೆ ಹೋಗುತ್ತಿರುವುದು ಏನು? ಅದನ್ನು ಉಳಿಸಿಕೊಳ್ಳಲೇಬೇಕೆ? ಉಳಿಸುವುದಾದರೆ ಅದರ ವೆಚ್ಚ ಅಂಗಡಿಕಾರನೊಬ್ಬನ ತಲೆಯ ಮೇಲೆಯೇ ಬೀಳಬೇಕೆ? ಈ ಪ್ರಶ್ನೆಗಳನ್ನು ಕೇಳಿಕೊಳ್ಳುವ ಕಾಲ ಈಗ ಬಂದಿದೆ.

ಅಂಕಣದ ಲೆಕ್ಕ

ಮೊದಲು ಕಟ್ಟಡವನ್ನೇ ನೋಡೋಣ. ಬಯಲು ಸೀಮೆಯ ಹಳೆಯ ಅಂಗಡಿ ಪ್ರತ್ಯೇಕ ಕಟ್ಟಡವಲ್ಲ. ಅದು ಮನೆಯ ಮುಂಭಾಗ. ಓಣಿಗೆ ತೆರೆದುಕೊಂಡ ಅಂಗಡಿ, ಅದರ ಹಿಂದೆ ಮಾಲು ಇಡುವ ಕತ್ತಲೆ ಕೋಣೆ, ಅದರ ಹಿಂದೆ ಪಡಸಾಲೆ, ಅಡುಗೆಮನೆ, ಹಿತ್ತಲು. ವ್ಯಾಪಾರವೂ ಸಂಸಾರವೂ ಒಂದೇ ಮಾಳಿಗೆಯ ಕೆಳಗೆ ನಡೆಯುತ್ತಿದ್ದವು.

ಈ ಮಾಳಿಗೆಯೇ ಇಡೀ ಕಟ್ಟಡದ ಒಡೆಯ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿದು. ಮಲೆನಾಡಿನಂತೆ ಇಳಿಜಾರು ಹೆಂಚಿನ ಮಾಡು ಇಲ್ಲಿ ಅನಿವಾರ್ಯವಲ್ಲ. ಬೇಸಿಗೆಯ ಉರಿಯನ್ನು ತಡೆಯುವುದೇ ಇಲ್ಲಿನ ದೊಡ್ಡ ಸಮಸ್ಯೆ. ಆದ್ದರಿಂದ ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಸೊಪ್ಪು, ಆಮೇಲೆ ದಪ್ಪನಾಗಿ ಮಣ್ಣು ಹಾಕಿ ಬಡಿದು ಕೂರಿಸುವ ಮೇಲ್ಮುದ್ದೆಯ ಪದ್ಧತಿ ಬೆಳೆಯಿತು. ಕೊನೆಯ ಪದರವಾಗಿ ಸವುಳು ಮಣ್ಣನ್ನು ಹರಡುತ್ತಾರೆ. ಸವುಳು ಮಣ್ಣಿನಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ತಾಕಿದೊಡನೆ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ, ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರವಾಗುವ ಬಗೆ ಇದು. ರಸಾಯನಶಾಸ್ತ್ರದ ಹೆಸರು ಕೇಳದ ಹಿರಿಯರು ಈ ಗುಣವನ್ನು ಕಂಡುಕೊಂಡಿದ್ದರು.

ಆದರೆ ಒಂದು ಅಡಿ ದಪ್ಪದ ಮಣ್ಣು ಎಂದರೆ ಪ್ರತಿ ಚದರ ಮೀಟರಿಗೆ ಸುಮಾರು ಅರ್ಧ ಟನ್ ಭಾರ. ಈ ಭಾರವನ್ನು ಹೊರಲು ಕಂಬಗಳು ಹತ್ತಿರ ಹತ್ತಿರ ಇರಬೇಕು. ನಾಲ್ಕು ಕಂಬಗಳ ನಡುವಿನ ಜಾಗವೇ ಒಂದು ಅಂಕಣ. ಮನೆಯನ್ನಾಗಲಿ ಅಂಗಡಿಯನ್ನಾಗಲಿ ಚದರ ಅಡಿಯಲ್ಲಿ ಹೇಳದೆ ಇಷ್ಟು ಅಂಕಣದ್ದು ಎಂದು ಹೇಳುವ ರೂಢಿ ಬಂದದ್ದು ಹೀಗೆ. ಸಣ್ಣ ಅಂಗಡಿ ಒಂದಂಕಣ, ಹೆಸರಾದ ಸಾವುಕಾರರದು ಮೂರಂಕಣ. ಕಂಬದ ತಲೆಯ ಮೇಲೆ ಕೂರುವ ಬೋದಿಗೆಯನ್ನು ಕೇವಲ ಅಲಂಕಾರವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ತೊಲೆಗೆ ಅಗಲವಾದ ಆಸರೆ ಕೊಟ್ಟು, ತೊಲೆ ಬಾಗದಂತೆ ನೋಡಿಕೊಳ್ಳುವ ಸಾಧನ. ಅನುಕೂಲವಿದ್ದವರು ಅದಕ್ಕೆ ಸಾಗವಾನಿ ತರಿಸಿ ಹೂವು, ಗಿಳಿ, ಬಳ್ಳಿ ಕೆತ್ತಿಸಿದರು. ಇಲ್ಲದವರು ಬೇವು, ಜಾಲಿಯಲ್ಲಿಯೇ ಕೆಲಸ ಮುಗಿಸಿದರು.

ಎರೆಭೂಮಿ ಇನ್ನೊಂದು ಕಟ್ಟುಪಾಡನ್ನು ಹಾಕಿತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಗುರವಾಗಿ ಕಟ್ಟಿದ್ದು ನಿಲ್ಲುವುದಿಲ್ಲ. ಆದ್ದರಿಂದ ಗಟ್ಟಿ ನೆಲ ಸಿಗುವವರೆಗೆ ತೋಡಿ, ಕಲ್ಲಿನ ಬುನಾದಿ ಹಾಕಿ, ನೆಲಮಟ್ಟಕ್ಕಿಂತ ಎತ್ತರದ ಕಟ್ಟೆ ಕಟ್ಟುತ್ತಿದ್ದರು. ಗೋಡೆಗಳಿಗೆ ಎರಡು ಅಡಿಗೂ ಮಿಕ್ಕ ದಪ್ಪ. ಹಾಗಾಗಿ ಅಂಗಡಿಯ ಮುಂದಿನ ಕಟ್ಟೆ ಕೇವಲ ಹರಟೆಯ ಜಾಗವಲ್ಲ, ಅದು ಕಟ್ಟಡದ ಪಾದವನ್ನು ಮಳೆಯಿಂದ ಕಾಯುವ ಕವಚ.

ಇನ್ನು ಅಂಗಡಿಯ ಮುಖ. ಅದಕ್ಕೆ ಕೀಲು ಬಾಗಿಲಿಲ್ಲ. ಹೊಸ್ತಿಲಿನಲ್ಲಿ ಒಂದು, ಮೇಲಿನ ಪಟ್ಟಿಯಲ್ಲಿ ಒಂದು ಕಾಲುವೆ ಕೊರೆದು, ಅದರಲ್ಲಿ ಒಂದೊಂದಾಗಿ ಹಲಗೆಗಳನ್ನು ಸರಿಸಿ ಕೂರಿಸುವ ವ್ಯವಸ್ಥೆ. ಹಲಗೆಗಳು ಅದಲುಬದಲಾಗದಂತೆ ಗುರುತು ಹಾಕಿರುತ್ತಾರೆ. ಕೊನೆಯ ಹಲಗೆಗೆ ಅಡ್ಡಪಟ್ಟಿ, ಬೀಗ. ಹಗಲು ಹಲಗೆಗಳನ್ನು ತೆಗೆದರೆ ಇಡೀ ಅಂಗಡಿ ಓಣಿಗೆ ತೆರೆದುಕೊಳ್ಳುತ್ತದೆ, ತೆಗೆದ ಹಲಗೆಗಳೇ ಕಟ್ಟೆಯ ಮೇಲೆ ಮಾಲು ಹರವಲು ಒದಗುತ್ತವೆ. ಒಳಗೆ ಗಾದಿ, ಲೋಡು, ಗಲ್ಲಾಪೆಟ್ಟಿಗೆ. ಗಾದಿಯ ಎತ್ತರ, ಕಟ್ಟೆಯ ಎತ್ತರ, ಗಿರಾಕಿ ನಿಲ್ಲುವ ನೆಲ ಈ ಮೂರಕ್ಕೂ ಲೆಕ್ಕವಿದೆ: ಕುಳಿತಲ್ಲಿಂದ ಏಳದೆ ತಕ್ಕಡಿ ಹಿಡಿಯಬೇಕು, ಕೈ ಚಾಚಿದರೆ ಸಾಮಾನು ಸಿಗಬೇಕು, ಕಣ್ಣಿಗೆ ಓಣಿಯ ಎರಡೂ ತುದಿ ಕಾಣಬೇಕು. ಗೋಡೆಯ ಗೂಡುಗಳಲ್ಲಿ ಸೇರು, ಪಾವುಗಳನ್ನು ಇಡುತ್ತಿದ್ದರು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಕಿಲೋಗ್ರಾಂ ಬಂದು ಆ ಅಳತೆಗಳು ಮೂಲೆ ಸೇರಿದವು. ಗೂಡುಗಳು ಮಾತ್ರ ಉಳಿದವು. ಒಳಮನೆಗೆ ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಸುಗ್ಗಿಯ ಜೋಳವನ್ನು ತುಂಬಿಡಲು ನೆಲದಡಿಯ ಹಗೇವು.

ಹೀಗೆ ನೋಡಿದರೆ, ಈ ಕಟ್ಟಡದಲ್ಲಿ ಸುಮ್ಮನೆ ಇಟ್ಟದ್ದು ಯಾವುದೂ ಇಲ್ಲ. ಮಣ್ಣು, ಮಳೆ, ಬಿಸಿಲು, ಮಾಲು, ಮನುಷ್ಯ ಈ ಐದರ ನಡುವಿನ ಒಪ್ಪಂದ ಅದು.

ಹತ್ತಿ ತಂದ ಏಳುಬೀಳು

ಈ ಭಾಗದ ವ್ಯಾಪಾರಕ್ಕೆ ದೊಡ್ಡ ಚರಿತ್ರೆಯಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸೂಡಿ ಮತ್ತು ಲಕ್ಕುಂಡಿಗಳಲ್ಲಿ ಟಂಕಸಾಲೆಗಳಿದ್ದವು. ಮಲಪ್ರಭೆಯ ದಡದ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ದಕ್ಷಿಣ ಭಾರತದಾಚೆಗೂ ವ್ಯವಹಾರ ನಡೆಸಿತ್ತು. ಆ ಕಾಲದ ಗುಡಿಗಳು ಕಲ್ಲಿನವಾದ್ದರಿಂದ ಉಳಿದವು; ಮಣ್ಣು ಮತ್ತು ಮರದ ಅಂಗಡಿಗಳು ಉಳಿಯಲಿಲ್ಲ. ನಾಣ್ಯ ಟಂಕಿಸಿದ ಊರಿನಲ್ಲಿ ಆ ನಾಣ್ಯ ಕೈ ಬದಲಿಸಿದ ಅಂಗಡಿ ಹೇಗಿತ್ತು ಎಂಬುದನ್ನು ನಾವಿಂದು ಕಣ್ಣಾರೆ ನೋಡಲಾರೆವು.

ಪೇಟೆಯ ಓಣಿಗಳಿಗೆ ಹೊಸ ಕಸುವು ಬಂದದ್ದು 19ನೇ ಶತಮಾನದ ಹತ್ತಿ ವ್ಯಾಪಾರದಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರ್ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಎರೆಭೂಮಿಯ ಮೇಲೆ ಬಿತ್ತು, ಬೆಲೆ ಆಕಾಶಕ್ಕೇರಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಅದರ ಬೆನ್ನಿಗೆ 1876ರಿಂದ 1878ರವರೆಗಿನ ಭೀಕರ ಬರ ಬಂತು. 1880ರ ದಶಕದಲ್ಲಿ ಗದಗಿಗೆ ರೈಲು ಬಂದಿತು. ಗದಗದಿಂದ ಸೋಲಾಪುರದ ಕಡೆಗೆ ಹೋಗುವ ಹಾದಿ ರೋಣ ತಾಲ್ಲೂಕಿನ ಮೂಲಕ ಸಾಗಿತು. ಹತ್ತಿ ಹೊರಗೆ ಹೋಯಿತು. ಗಿರಣಿ ಬಟ್ಟೆ, ಸೀಮೆಎಣ್ಣೆ, ಮಂಗಳೂರು ಹೆಂಚು ಒಳಗೆ ಬಂದವು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲಾ ಗೆಜೆಟಿಯರ್ ಬಂಡವಾಳಕ್ಕೆ ಒಂದು, ವ್ಯಾಪಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು. ಆಳುವವರಿಗೂ ಪೇಟೆಯ ಮಹತ್ವ ಗೊತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಮರೆಯಬಾರದ ಇನ್ನೊಂದು ಮಗ್ಗುಲು

ಹಳೆಯದೆಲ್ಲ ಹೊನ್ನು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆ ಗಾದಿಯ ಮೇಲೆ ಕುಳಿತು ಬರೆದ ಖಾತೆ ಪುಸ್ತಕಗಳಲ್ಲಿ ಅನೇಕ ರೈತ ಕುಟುಂಬಗಳ ಹೊಲ ಕರಗಿಹೋದದ್ದೂ ಇತಿಹಾಸವೇ. ಬಿತ್ತುವಾಗ ಉದ್ರಿ, ಸುಗ್ಗಿಯಲ್ಲಿ ವಸೂಲಿ. ಬರ ಬಿದ್ದರೆ ಬಡ್ಡಿಯ ಮೇಲೆ ಬಡ್ಡಿ. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾವುಕಾರರ ಅಂಗಡಿ, ಮನೆಗಳಿಗೆ ನುಗ್ಗಿ ಸಾಲದ ಕಾಗದಗಳನ್ನು ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖ್ಖಣದ ರೈತರಿಗಾಗಿ ಸಾಲ ಪರಿಹಾರದ ಕಾಯ್ದೆಯೇ ಬಂತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ್ದು ಇಂಥ ಸಾಲದ ಉರುಳಿನಿಂದ ಬಿಡಿಸಿಕೊಳ್ಳುವ ದಾರಿಯಾಗಿಯೇ.

ಕಟ್ಟೆಯ ಎತ್ತರಕ್ಕೂ ಇನ್ನೊಂದು ಅರ್ಥವಿತ್ತು. ಯಾರು ಕಟ್ಟೆ ಏರಿ ಕೂರಬಹುದು, ಯಾರು ಓಣಿಯಲ್ಲಿಯೇ ನಿಂತು ದೂರದಿಂದ ಸಾಮಾನು ಇಸಿದುಕೊಳ್ಳಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಅಸ್ಪೃಶ್ಯತೆಯ ಆ ಕ್ರೌರ್ಯ ನಡೆದದ್ದು ಈ ಕಲ್ಲುಗಳ ಮುಂದೆಯೇ. ಆದ್ದರಿಂದ ಈ ಕಟ್ಟಡಗಳನ್ನು ಉಳಿಸಬೇಕೆನ್ನುವುದು ಸಾವುಕಾರಿಕೆಯ ವೈಭವವನ್ನು ಹಾಡಿ ಹೊಗಳುವುದಕ್ಕಲ್ಲ. ಕೋಟೆ ಅರಸರ ಕಥೆ ಹೇಳುತ್ತದೆ, ಗುಡಿ ದಾನಿಗಳ ಕಥೆ ಹೇಳುತ್ತದೆ. ಬಿತ್ತಿದವನು, ನೇಯ್ದವನು, ಹೊತ್ತವನು ಯಾವ ಎತ್ತರದಲ್ಲಿ ನಿಂತು ವ್ಯವಹರಿಸಿದ ಎಂಬುದನ್ನು ಹೇಳುವುದು ಅಂಗಡಿ ಮಾತ್ರ. ಆ ಸಾಕ್ಷಿ ಅಳಿದರೆ ನೋವಿನ ದಾಖಲೆಯೂ ಅಳಿಯುತ್ತದೆ.

ಬೀಳುತ್ತಿರುವುದು ಏಕೆ?

ಹಳೆಯ ಅಂಗಡಿಗಳು ವಯಸ್ಸಾದ್ದರಿಂದ ಬೀಳುತ್ತಿವೆ ಎಂಬುದು ಅರ್ಧ ಸತ್ಯ. ಅವುಗಳನ್ನು ಬೀಳಿಸುತ್ತಿರುವ ಕಾರಣಗಳು ಬೇರೆಯೇ ಇವೆ.

ಮೊದಲನೆಯದು, ವ್ಯಾಪಾರದ ಸ್ಥಳಾಂತರ. ಮುಂಬಯಿ ಸರಕಾರದ 1939ರ ಕಾಯ್ದೆ ಮತ್ತು ಕರ್ನಾಟಕದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಿಂದ ಧಾನ್ಯ, ಹತ್ತಿಯ ಸಗಟು ವ್ಯವಹಾರ ಊರ ಹೊರಗಿನ ಪ್ರಾಂಗಣಕ್ಕೆ ಹೋಯಿತು. ಬಹಿರಂಗ ಹರಾಜು, ಸರಿಯಾದ ತೂಕ ಸಿಕ್ಕಿ ರೈತರಿಗೆ ಒಳ್ಳೆಯದೇ ಆಯಿತು. ಆದರೆ ಅಡತಿ ಅಂಗಡಿಗಳು ಹೋದ ಮೇಲೆ ಪೇಟೆಯ ದೊಡ್ಡ ಕಟ್ಟಡಗಳಿಗೆ ಕೆಲಸವಿಲ್ಲದಂತಾಯಿತು. ಉಳಿದದ್ದು ಚಿಲ್ಲರೆ ವ್ಯಾಪಾರ. ಅದರ ಲಾಭದಲ್ಲಿ ಮೂರಂಕಣದ ಮಾಳಿಗೆಯನ್ನು ಸಾಕುವುದು ಸುಲಭವಲ್ಲ.

ಎರಡನೆಯದು, ಪಾಲು. ತಂದೆಯ ಮೂರಂಕಣದ ಅಂಗಡಿ ಮೂವರು ಮಕ್ಕಳಿಗೆ ಒಂದೊಂದು ಅಂಕಣವಾಗಿ ಹಂಚಿಕೆಯಾಗುತ್ತದೆ. ಕಾಗದದ ಮೇಲೆ ಗೆರೆ ಎಳೆಯುವುದು ಸುಲಭ, ಆದರೆ ತೊಲೆ ಆ ಗೆರೆಯನ್ನು ಅರಿಯದು. ಒಬ್ಬ ಅಣ್ಣ ತನ್ನ ಪಾಲನ್ನು ಕೆಡವಿ ಸ್ಲ್ಯಾಬ್ ಹಾಕಿಸಿದರೆ ತಮ್ಮನ ಪಾಲಿನ ತೊಲೆಯ ಒಂದು ತುದಿಗೆ ಆಸರೆ ತಪ್ಪುತ್ತದೆ. ಆಮೇಲೆ ಅವನಿಗೂ ಕೆಡವದೆ ಗತ್ಯಂತರವಿಲ್ಲ.

ಮೂರನೆಯದು, ರಸ್ತೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುವ ಪದ್ಧತಿಯಿಂದ ಓಣಿ ವರ್ಷದಿಂದ ವರ್ಷಕ್ಕೆ ಏರುತ್ತದೆ. ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗಬೇಕಿದ್ದ ಅಂಗಡಿಗೆ ಈಗ ಇಳಿದು ಹೋಗಬೇಕಾದ ಸ್ಥಿತಿ. ಮಳೆನೀರು ಹೊಸ್ತಿಲು ದಾಟಿ ಒಳಗೆ ನುಗ್ಗುತ್ತದೆ. ರಸ್ತೆ ಅಗಲಗೊಳಿಸುವಾಗ ಮೊದಲು ಹೋಗುವುದು ಕಟ್ಟೆ. ಕಟ್ಟೆ ಹೋದರೆ ಬುನಾದಿ ಬೆತ್ತಲಾಗುತ್ತದೆ.

ನಾಲ್ಕನೆಯದು, ತಪ್ಪು ದುರಸ್ತಿ. ಮಣ್ಣಿನ ಗೋಡೆ ಉಸಿರಾಡುವ ಗೋಡೆ. ಹೀರಿದ ತೇವವನ್ನು ಅದು ಹೊರಬಿಡುತ್ತದೆ. ಅದಕ್ಕೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಹುಡಿಯಾಗುತ್ತದೆ. ಮೇಲೆ ನೋಡಲು ಗಟ್ಟಿ, ಒಳಗೆ ಟೊಳ್ಳು. ಇತ್ತ ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆ ಏರಿ ಸವುಳು ಹರಡುವ ಕೈಗಳೂ ಕಡಿಮೆಯಾಗಿವೆ. ಆ ಕೆಲಸ ಬಲ್ಲವರಿಗೆ ವರ್ಷವಿಡೀ ಕೂಲಿ ಸಿಗದು, ಅವರ ಮಕ್ಕಳು ಅದನ್ನು ಕಲಿಯಲಿಲ್ಲ.

ಐದನೆಯದು ಮತ್ತು ಅತ್ಯಂತ ದೊಡ್ಡದು, ನೆರೆ ಮತ್ತು ನೆರೆ ಪರಿಹಾರ. 2009ರ ಅಕ್ಟೋಬರಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರೋಣ ತಾಲ್ಲೂಕಿನ ಹೊಳೆಆಲೂರು, ನರಗುಂದ ತಾಲ್ಲೂಕಿನ ಕೊಣ್ಣೂರು ಭಾಗದ ಊರುಗಳಲ್ಲಿ ಮಣ್ಣಿನ ಗೋಡೆಗಳು ಕರಗಿದವು. 2019ರಲ್ಲಿ ಸರಕಾರ ಸಂಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಸಂತ್ರಸ್ತರಿಗೆ ಅದು ಅತ್ಯಗತ್ಯವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾಗಶಃ ಹಾನಿಗೆ ಸಿಗುವ ಮೊತ್ತ ಅದಕ್ಕಿಂತ ತೀರ ಕಡಿಮೆ. ಮುಂದಿನ ಗೋಡೆ ಬಿದ್ದು, ಕಂಬ ಮತ್ತು ತೊಲೆ ಗಟ್ಟಿಯಾಗಿ ನಿಂತಿರುವ ಕಟ್ಟಡದ ಒಡೆಯ ಏನು ಮಾಡಬೇಕು? ದುರಸ್ತಿ ಮಾಡಿಸಿಕೊಂಡರೆ ನಷ್ಟ, ಪೂರ್ತಿ ಬಿದ್ದಿದೆ ಎಂದು ಬರೆಸಿಕೊಂಡರೆ ಲಾಭ. ನಿಯಮವೇ ಕೆಡವುವುದಕ್ಕೆ ಪ್ರೋತ್ಸಾಹ ಕೊಟ್ಟಂತೆ ಆಗುತ್ತದೆ.

ಕಾಯ್ದೆಗಳ ನಡುವಿನ ಬಯಲು

1961ರಲ್ಲಿ ನಮ್ಮ ರಾಜ್ಯ ಎರಡು ಕಾಯ್ದೆಗಳನ್ನು ಕಂಡಿತು. ಒಂದು, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದು ಅಂಗಡಿಯಲ್ಲಿ ದುಡಿಯುವವರ ವೇಳೆ, ರಜೆಗಳನ್ನು ನೋಡಿಕೊಳ್ಳುತ್ತದೆ, ಕಟ್ಟಡವನ್ನಲ್ಲ. ಇನ್ನೊಂದು, ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯ್ದೆ. ಅದು ನೂರು ವರ್ಷಕ್ಕೆ ಕಡಿಮೆಯಿಲ್ಲದ, ಇತಿಹಾಸ ಅಥವಾ ಕಲೆಯ ದೃಷ್ಟಿಯಿಂದ ಮುಖ್ಯವಾದ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಸಾರಲು ಸರಕಾರಕ್ಕೆ ಅಧಿಕಾರ ಕೊಡುತ್ತದೆ. ಕಾಗದದ ಮೇಲೆ ನೂರು ದಾಟಿದ ಅಂಗಡಿಯೂ ಇದರೊಳಗೆ ಬರಬಹುದು. ಆದರೆ ಹಾಗೆ ಸಾರಿಸಿಕೊಳ್ಳಲು ಯಾವ ಅಂಗಡಿಕಾರ ಮುಂದೆ ಬಂದಾನು? ಒಂದು ಕಪಾಟು ಜೋಡಿಸಲೂ ಇಲಾಖೆಯ ಬಾಗಿಲು ಬಡಿಯಬೇಕಾಗುತ್ತದೆ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅದರೊಳಗೆ ಮನೆಯಿರುವವರ ಪಾಡು ಕಂಡ ಜನ ಸಂರಕ್ಷಣೆ ಎಂಬ ಮಾತಿಗೇ ಹೆದರುವುದು ಸಹಜ.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಖ್ಯೆಯಲ್ಲಿ, ನೂರು ವರ್ಷ ದಾಟಿದ ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಪುರಾವಸ್ತು. ಅದನ್ನು ಮಾರುವ ವ್ಯಾಪಾರಿಗೆ ಪರವಾನಗಿ ಬೇಕು, ವಿದೇಶಕ್ಕೆ ಸಾಗಿಸುವಂತಿಲ್ಲ. ಅಂದರೆ ಕೆತ್ತನೆಯ ಬೋದಿಗೆ ಅಂಗಡಿಯ ಕಂಬದ ಮೇಲೆ ಇರುವಷ್ಟು ಕಾಲ ಅದನ್ನು ಯಾವ ಕಾಯ್ದೆಯೂ ಕೇಳುವುದಿಲ್ಲ. ಕಟ್ಟಡ ಬಿದ್ದು, ಬೋದಿಗೆ ಲಾರಿ ಏರಿದ ಮೇಲೆ ಅದಕ್ಕೆ ಮರ್ಯಾದೆ! ಹಳೆಯ ಕಂಬ, ಬಾಗಿಲುಗಳು ನಗರದ ಹೋಟೆಲು, ಬಂಗಲೆಗಳ ಅಲಂಕಾರಕ್ಕೆ ಹೋಗುವುದು ಗುಟ್ಟೇನಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಕಿತ್ತು ಕೊಟ್ಟದ್ದನ್ನು ಬೇರೆಯವರು ಹಜಾರದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದಾರೆ.

ಹಂಪಿ, ಮೈಸೂರು ಹೇಳುವ ಪಾಠ

ಹಳೆಯ ಅಂಗಡಿ ಸಾಲುಗಳ ವಿಷಯದಲ್ಲಿ ಕರ್ನಾಟಕಕ್ಕೆ ಅನುಭವವಿಲ್ಲದಿಲ್ಲ. ವಿರೂಪಾಕ್ಷ ಗುಡಿಯ ಮುಂದಿನ ಹಂಪಿ ಬಜಾರಿನ ಕಲ್ಲಿನ ಮಂಟಪಗಳು ವಿಜಯನಗರದ ಪೇಟೆಯ ಕಟ್ಟಡಗಳು. ಆ ಮಂಟಪಗಳಲ್ಲಿ, ಅವುಗಳ ಸುತ್ತಮುತ್ತ ಜನ ಮನೆ, ಅಂಗಡಿ ಮಾಡಿಕೊಂಡಿದ್ದರು. 2011ರ ಜುಲೈಯಲ್ಲಿ ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ತೆರವುಗೊಳಿಸಲಾಯಿತು. ಸ್ಮಾರಕಕ್ಕೆ ಆಗುತ್ತಿದ್ದ ಹಾನಿ ನಿಜ, ಬೀದಿಪಾಲಾದವರ ಸಂಕಟವೂ ನಿಜ. ಜನರನ್ನು ಹೊರಗೆ ಕಳಿಸಿದರೆ ಕಲ್ಲು ತಾನಾಗಿ ಉಳಿಯುತ್ತದೆ ಎಂಬ ನಂಬಿಕೆಗೆ 2024ರ ಮೇ ತಿಂಗಳ ಮಳೆ ಉತ್ತರ ಹೇಳಿತು. ಅದೇ ಬಜಾರಿನ ಸಾಲು ಮಂಟಪದ ಒಂದು ಭಾಗ ಆಗ ಕುಸಿದು ಬಿತ್ತು.

ಮೈಸೂರಿನದು ಇನ್ನೊಂದು ಬಗೆ. ಅಲ್ಲಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟಿನಲ್ಲಿ ಬಿದ್ದಿತು. ಕೆಡವಿ ಕಟ್ಟಬೇಕೆ, ಉಳಿಸಿ ದುರಸ್ತಿ ಮಾಡಬೇಕೆ ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರಿತು. ಬೀಳುವವರೆಗೆ ಸುಮ್ಮನಿದ್ದು ಬಿದ್ದ ಮೇಲೆ ವಾದಿಸುವುದರ ಬೆಲೆ ಎಷ್ಟೆಂಬುದಕ್ಕೆ ಇದು ನಿದರ್ಶನ. ಪರಂಪರೆಯ ಹೆಸರಿನಲ್ಲಿ ಬಡಪಾಯಿ ಗಿರಾಕಿಯ ತಲೆಯ ಮೇಲೆ ಮಾಳಿಗೆ ಬೀಳುವಂತೆ ಬಿಡುವ ಹಕ್ಕು ಯಾರಿಗೂ ಇಲ್ಲ.

ಹೊರದೇಶದ ಒಂದು ಉದಾಹರಣೆ ಸಾಕು. ಮಲೇಷ್ಯಾದ ಜಾರ್ಜ್‌ಟೌನ್ ನಗರದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಹಳೆಯ ಕಟ್ಟಡಗಳ ಸಾಲುಗಳೇ ಇವೆ. 2000ದ ಆರಂಭದಲ್ಲಿ ಅಲ್ಲಿ ಬಾಡಿಗೆ ನಿಯಂತ್ರಣದ ಕಾಯ್ದೆ ರದ್ದಾಯಿತು, 2008ರಲ್ಲಿ ವಿಶ್ವ ಪರಂಪರೆಯ ಪಟ್ಟ ಬಂತು. ಕಟ್ಟಡಗಳಿಗೆ ಸುಣ್ಣಬಣ್ಣವಾಯಿತು, ಆದರೆ ಬಾಡಿಗೆ ಏರಿ ತಲೆಮಾರುಗಳಿಂದ ಇದ್ದ ಅನೇಕ ಸಣ್ಣ ವ್ಯಾಪಾರಿಗಳು ಜಾಗ ಬಿಟ್ಟರು. ಗೋಡೆ ಉಳಿದರೂ ಅಂಗಡಿ ಉಳಿಯಲಿಲ್ಲ. ಈ ಮೂರೂ ಕಡೆಯ ಅನುಭವ ಹೇಳುವುದು ಒಂದೇ ಮಾತು: ಅಂಗಡಿಯ ಕಟ್ಟಡ ಉಳಿಯಬೇಕಾದರೆ ಅದರೊಳಗೆ ಯಾರಾದರೂ ಬದುಕು ಮಾಡುತ್ತಿರಬೇಕು, ಮತ್ತು ಕಾಲಕಾಲಕ್ಕೆ ದುರಸ್ತಿ ನಡೆಯುತ್ತಿರಬೇಕು.

ಏನು ಮಾಡಬಹುದು?

ಇದಕ್ಕೆ ಕೋಟಿಗಟ್ಟಲೆ ರೂಪಾಯಿಯ ಯೋಜನೆ ಬೇಕಿಲ್ಲ. ಸ್ಮಾರಕವೆಂದು ಸಾರುವುದಕ್ಕೂ ದಿಕ್ಕಿಲ್ಲದೆ ಬಿಡುವುದಕ್ಕೂ ನಡುವೆ ಒಂದು ಹಂತ ಬೇಕಾಗಿದೆ.

ಮೊದಲು ಎಣಿಕೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಾ ಪ್ರದೇಶದ ಆಸ್ತಿಗಳನ್ನು ಅಳೆಯುವ ಏರ್ಪಾಟು ಇದೆ. ಆ ನಕ್ಷೆ ಮೇಲಿನಿಂದ ಮಾಳಿಗೆಯ ಅಂಚನ್ನು ಮಾತ್ರ ನೋಡುತ್ತದೆ. ಒಳಗಿನ ಕಂಬ ಅದಕ್ಕೆ ಕಾಣದು. ಅದೇ ದಾಖಲೆಗೆ ಕಟ್ಟಡದ ಅಂದಾಜು ವಯಸ್ಸು, ಗೋಡೆ ಮತ್ತು ಮಾಳಿಗೆಯ ಬಗೆ, ಈಗಿನ ಬಳಕೆ ಎಂಬ ಮೂರು ಕಲಮುಗಳನ್ನು ಪಂಚಾಯಿತಿಗಳು ಸೇರಿಸಿಕೊಂಡರೆ ಒಂದು ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಪಟ್ಟಣಗಳಲ್ಲಿ ಈ ಕೆಲಸವನ್ನು ಪುರಸಭೆಗಳು ಮಾಡಬಹುದು. ಈ ಭಾಗದ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅಳತೆ ನಕ್ಷೆ ಬರೆಯುವ ಕೆಲಸ ವಹಿಸಿದರೆ ಪಾಠವೂ ಆಯಿತು, ದಾಖಲೆಯೂ ಆಯಿತು. ಕಟ್ಟಡ ನಾಳೆ ಬಿದ್ದರೂ ನಕ್ಷೆ ಉಳಿಯುತ್ತದೆ.

ಎರಡನೆಯದು, ನೆರೆ ಮತ್ತು ಅತಿವೃಷ್ಟಿ ಪರಿಹಾರದಲ್ಲಿ ದುರಸ್ತಿಗೂ ಅವಕಾಶ. ಕಂಬ, ತೊಲೆಗಳು ಗಟ್ಟಿಯಾಗಿವೆ ಎಂದು ಎಂಜಿನಿಯರ್ ಪ್ರಮಾಣಪತ್ರ ಕೊಟ್ಟರೆ, ಗೋಡೆ ಎತ್ತಿ ಮಾಳಿಗೆ ಹಗುರಗೊಳಿಸಿ ಕಟ್ಟಡವನ್ನು ಉಳಿಸಿಕೊಳ್ಳುವವನಿಗೆ ಹೊಸದಾಗಿ ಕಟ್ಟುವವನಿಗೆ ಸಿಗುವಷ್ಟೇ ನೆರವು ಸಿಗಬೇಕು. ಆಯ್ಕೆ ಒಡೆಯನದೇ ಆಗಿರಲಿ. ಕಾಂಕ್ರೀಟ್ ಬೇಕೆನ್ನುವವರಿಗೆ ಅಡ್ಡಿ ಬೇಡ, ಆದರೆ ಉಳಿಸಿಕೊಳ್ಳಬೇಕೆನ್ನುವವರಿಗೆ ದಂಡವೂ ಬೇಡ. ಹೊಳೆಯ ದಡದ ತಗ್ಗಿನ ಊರುಗಳ ಮಾತು ಬೇರೆ. ಅಲ್ಲಿ ಜೀವವೇ ಮೊದಲು, ಕಟ್ಟಡ ಆಮೇಲೆ.

ಮೂರನೆಯದು, ರಸ್ತೆಯ ಮಟ್ಟ. ಪೇಟೆ ಓಣಿಗೆ ಹೊಸ ಡಾಂಬರು ಹಾಕುವ ಮುನ್ನ ಹಳೆಯದನ್ನು ಕೆರೆದು ತೆಗೆಯಬೇಕು, ಹೊಸ್ತಿಲಿನ ಕೆಳಗೆ ಚರಂಡಿ ಹರಿಯಬೇಕು. ಗುತ್ತಿಗೆಯ ಷರತ್ತಿನಲ್ಲಿ ಇದನ್ನೊಂದು ಸಾಲಾಗಿ ಸೇರಿಸಿದರೆ ಸಾಕು. ಇದರಿಂದ ಹಳೆಯ ಅಂಗಡಿಗೆ ಮಾತ್ರವಲ್ಲ, ಓಣಿಯ ಎಲ್ಲ ಮನೆಗಳಿಗೂ ಅನುಕೂಲ.

ನಾಲ್ಕನೆಯದು, ತೆರಿಗೆ. ಪಟ್ಟಿಯಲ್ಲಿರುವ ಕಟ್ಟಡದಲ್ಲಿ ವ್ಯಾಪಾರ ನಡೆಸುತ್ತ ಅದನ್ನು ಸುಸ್ಥಿತಿಯಲ್ಲಿಟ್ಟುಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ವಿನಾಯಿತಿ ನೀಡಲು ರಾಜ್ಯ ಸರಕಾರ ಸ್ಥಳೀಯ ಸಂಸ್ಥೆಗಳಿಗೆ ದಾರಿ ಮಾಡಿಕೊಡಬೇಕು. ಜಪಾನ್ ದೇಶ 1975ರಲ್ಲಿಯೇ ತನ್ನ ಕಾಯ್ದೆ ತಿದ್ದಿ, ಒಂಟಿ ಸ್ಮಾರಕಗಳಾಚೆಗೆ ಹಳೆಯ ಬೀದಿಗಳ ಮನೆ, ಅಂಗಡಿಗಳ ಸಾಲುಗಳನ್ನೇ ಸಂರಕ್ಷಣೆಯ ಘಟಕವಾಗಿ ಒಪ್ಪಿಕೊಂಡಿತು. ಅಷ್ಟು ದೂರ ನಾವು ಹೋಗದಿದ್ದರೂ ಮೊದಲ ಹೆಜ್ಜೆಯನ್ನಾದರೂ ಇಡಬಹುದು.

ಗಜೇಂದ್ರಗಡ 2018ರಲ್ಲಿ ರೋಣದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿ, ಹೊಸ ರಸ್ತೆ, ಹೊಸ ಮಳಿಗೆಗಳು. ಪ್ರಗತಿ ಬೇಡವೆನ್ನುವವರು ಯಾರೂ ಇಲ್ಲ. ಆದರೆ ಯಾವುದನ್ನು ಕೆಡವುತ್ತಿದ್ದೇವೆ ಎಂಬ ಅರಿವಿನೊಂದಿಗೆ ಕೆಡವುವುದಕ್ಕೂ, ಅರಿಯದೆ ಕೆಡವುವುದಕ್ಕೂ ಬಹಳ ಅಂತರವಿದೆ.

ಅರಮನೆ, ಗುಡಿಗಳನ್ನು ಸರಕಾರ ನೋಡಿಕೊಳ್ಳುತ್ತದೆ. ಪೇಟೆಯ ಅಂಗಡಿಯನ್ನು ಇಷ್ಟು ದಿನ ಕಾಯ್ದುಕೊಂಡು ಬಂದವರು ಅದರೊಳಗಿನ ವ್ಯಾಪಾರಿ, ಮಾಳಿಗೆಗೆ ಸವುಳು ಹರಡುವ ಕೂಲಿಕಾರ ಮತ್ತು ಅಲ್ಲಿಗೆ ಬರುವ ಗಿರಾಕಿ. ಈ ಮೂವರಲ್ಲಿ ಒಬ್ಬರು ಕೈಬಿಟ್ಟರೂ ಕಟ್ಟಡ ನಿಲ್ಲದು. ಅವರ ಕೈ ಬಲಪಡಿಸುವ ಒಂದು ನಿಯಮವನ್ನು ಮುಂದಿನ ನೆರೆ ಬರುವ ಮೊದಲೇ ರೂಪಿಸುವುದು ಜಿಲ್ಲಾಡಳಿತಕ್ಕೂ ಸರಕಾರಕ್ಕೂ ಕಷ್ಟದ ಕೆಲಸವೇನಲ್ಲ. ಬಿದ್ದ ಮೇಲೆ ಪರಿಹಾರ ಕೊಡುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಅಗ್ಗ ಎಂಬುದನ್ನು ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆ ಏರುತ್ತಿದ್ದ ನಮ್ಮ ಹಿರಿಯರು ಚೆನ್ನಾಗಿಯೇ ಬಲ್ಲವರಾಗಿದ್ದರು.